ಗೀಸರಿಗೆ ಮುನ್ನೂರು ರೂಪಾಯಿ

ಬಲ್ಕಂಪೇಟ್, ಹೈದರಾಬಾದ್
೧೪ ಜುಲೈ ೨೦೨೪, ಭಾನುವಾರ

ಅವ್ವಾ,

ಅಂಗನವಾಡಿಯಿಂದ ಬಂದು, ಕೈಕಾಲು ತೊಳೆದು, ಕುಳಿತ ಮೇಲೆ ಇದನ್ನು ಓದು. ನಿಂತು ಓದಬೇಡ. ಫೋನಿನಲ್ಲೇ ಹೇಳಬಹುದಿತ್ತು; ಮೂರು ಸಲ ನಿನ್ನ ನಂಬರ್ ಒತ್ತಿ ಕಟ್ ಮಾಡಿದೆ. ನೀನು ಎಂದಿನಂತೆ "ಉಂಡ್ಯೇನವ್ವ?" ಎಂದು ಕೇಳಿಬಿಟ್ಟರೆ ನಾನು ಉಂಡೆ ಎಂದಷ್ಟೇ ಹೇಳಿ ಫೋನ್ ಇಟ್ಟುಬಿಡುತ್ತೇನೆ.

ಅಪ್ಪನನ್ನು ನೋಡಿದೆ.

ಸೊಲ್ಲಾಪುರದಲ್ಲಿ ಕಟ್ಟಡದಿಂದ ಬಿದ್ದು ಸತ್ತ ಎಂದು ನೀನು ಹೇಳಿದ್ದ ಅಪ್ಪ. ಒಂಬತ್ತು ವರ್ಷದವಳಿದ್ದಾಗಿನಿಂದ ಪ್ರತಿ ವರ್ಷ ನಾನು ಯಾರ ಫೋಟೊದ ಮುಂದೆ ಎಡೆ ಇಟ್ಟೆನೋ, ಆ ಅಪ್ಪ.

ಮೊದಲಿನಿಂದ ಹೇಳುತ್ತೇನೆ. ಕಂಟ್ರಾಕ್ಟರನ ಹತ್ತಿರ ಕೆಲಸ ಬಿಟ್ಟು ನಾನೇ ಮನೆಗಳ ಕರೆಂಟಿನ ಕೆಲಸ ಹಿಡಿದು ಎರಡು ತಿಂಗಳಾಯಿತಲ್ಲ. ಮನೆಯಲ್ಲಿ ಒಬ್ಬರೇ ಇರುವ ಹೆಂಗಸರು ಹೆಣ್ಣು ಎಲೆಕ್ಟ್ರಿಷಿಯನ್ ಎಂದರೆ ಹೆದರದೆ ಬಾಗಿಲು ತೆರೆಯುತ್ತಾರೆ. ಅದೇ ನನ್ನ ಬಂಡವಾಳ ಎಂದುಕೊಂಡಿದ್ದೆ. ಒಂದು ಹಾಳೆಯಲ್ಲಿ ರೇಟು ಬರೆದುಕೊಂಡೆ. ಬಂದು ನೋಡಿ ಹೋಗಲು ನೂರೈವತ್ತು, ಫ್ಯಾನ್ ಕೂಡಿಸಲು ಇನ್ನೂರೈವತ್ತು, ಗೀಸರಿಗೆ ಆರು ನೂರು. ಆರು ನೂರು ಯಾಕೆಂದರೆ, ಗೀಸರ್ ಕೂಡಿಸುವ ಮೊದಲು ಆ ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಹೊಸ ವೈರ್ ಎಳೆಯಬೇಕು. ಎಲ್ಲಾದರೂ ಕರೆಂಟ್ ಸೋರಿದರೆ ಅದು ಮನುಷ್ಯರ ಮೈಗೆ ಬಾರದೆ ನೆಲಕ್ಕೆ ಹೋಗುವ ದಾರಿ ಅದು. ಕೆಲವು ಮನೆಗಳಲ್ಲಿ ಅದಕ್ಕೇ ಅರ್ಧ ದಿನ ಹಿಡಿಯುತ್ತದೆ.

ಆದರೆ ಗಿರಾಕಿಗಳು ಜಾರತೊಡಗಿದರು. "ಇಲ್ಲೊಬ್ಬ ಮುದುಕ ಮುನ್ನೂರಕ್ಕ ಮಾಡ್ತಾನವ್ವ," ಎಂದರು ಪಾರ್ವತಿಬಾಯಿ. ಬೀದರ್ ಕಡೆಯವರು, ನನ್ನ ಮೊದಲ ಗಿರಾಕಿ. ಆ ಒಂದೇ ಓಣಿಯಲ್ಲಿ ನಾಲ್ಕು ಗೀಸರ್ ಮುದುಕನ ಪಾಲಾದವು. ಮೊನ್ನೆ ಶುಕ್ರವಾರ ಬೆಳಿಗ್ಗೆ ಕುಳಿತು ಮತ್ತೆ ಲೆಕ್ಕ ಹಾಕಿದೆ. ಎಲ್ಲಿ ಕತ್ತರಿಸಿದರೂ ಮುನ್ನೂರಕ್ಕೆ ಇಳಿಯಲಿಲ್ಲ. ಕೊನೆಗೆ ಅರ್ಥಿಂಗ್ ನೋಡುವ ಸಾಲನ್ನೇ ಹೊಡೆದುಹಾಕಿದೆ. ಗಿರಾಕಿ ಅದನ್ನು ಕೇಳುವುದಿಲ್ಲ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೌದು ಅವ್ವ, ನಾನೇ ಹೊಡೆದುಹಾಕಿದೆ.

ಅಂದು ಮಧ್ಯಾಹ್ನ ಪಾರ್ವತಿಬಾಯಿ ಫೋನ್ ಮಾಡಿ, ಆ ಮುದುಕ ತಮ್ಮ ಮೇಲಿನ ಮನೆಗೆ ಬಂದಿದ್ದಾನೆಂದರು. ಮುನ್ನೂರಕ್ಕೆ ಅವನಿಗೆ ಹೇಗೆ ಗಿಟ್ಟುತ್ತದೆ ಎಂದು ಕೇಳಿಯೇಬಿಡೋಣ, ಸಾಧ್ಯವಾದರೆ ಇಬ್ಬರೂ ಕೂಡಿ ಒಂದು ರೇಟು ಇಟ್ಟುಕೊಳ್ಳೋಣ ಎಂದುಕೊಂಡು ಮೆಟ್ಟಿಲು ಹತ್ತಿದೆ. ಬಚ್ಚಲಿನ ಹೊರಗೆ ಬೋರ್ಡ್ ಬಿಚ್ಚಿಕೊಂಡು ಕುಳಿತಿದ್ದ. ಬೆನ್ನು ನನ್ನ ಕಡೆ. ಹಿಂದಿಯಲ್ಲಿ ಕರೆದೆ. ತಿರುಗಿದ. ಬಿಳಿ ಗಡ್ಡ, ಒಣಗಿದ ಮುಖ. ನನ್ನನ್ನೇ ದಿಟ್ಟಿಸಿದ. ಕೈಯಲ್ಲಿದ್ದ ವೈರ್ ಬಿಟ್ಟು ಗೋಡೆ ಹಿಡಿದು ಎದ್ದ.

"ಶಂಕ್ರೀ, ನೀ ಇಲ್ಲಿಗ್ಯಾಕ ಬಂದಿ?" ಎಂದ.

ನಿನ್ನ ಹೆಸರು, ಅವ್ವ. ನನ್ನಲ್ಲಿ ಅವನು ನಿನ್ನನ್ನು ಕಂಡ. ಆ ದನಿ ಕೇಳಿದೊಡನೆ ಅಪ್ಪನೆಂದು ನನಗೆ ಗುರುತಾಯಿತು. ಅಳಲಿಲ್ಲ, ಕೂಗಲಿಲ್ಲ. ನನ್ನ ಬಾಯಿಂದ ಹೊರಟ ಮಾತು ಏನು ಗೊತ್ತೇ? "ಮುನ್ನೂರಕ್ಕ ನಿಮಗ ಹೆಂಗ ಗಿಟ್ಟತೈತಿರಿ?" ಎಂದೆ. ಸತ್ತವನು ಎದ್ದು ಬಂದು ಎದುರಿಗೆ ನಿಂತಿದ್ದಾನೆ, ನಾನು ಗೀಸರಿನ ರೇಟು ಕೇಳುತ್ತಿದ್ದೇನೆ!

ನೀನಲ್ಲ, ಮಗಳು ಎಂದು ತಿಳಿದ ಮೇಲೂ ಅವನು ಅದಕ್ಕೇ ಉತ್ತರ ಕೊಟ್ಟ. "ಗೀಸರಿಗೆ ಮುನ್ನೂರ. ಅರ್ಥಿಂಗಿಗೆ ನಾ ರೊಕ್ಕ ತಗೊಳ್ಳಂಗಿಲ್ಲ."

"ಯಾಕ?"

"ಸೂಗಮ್ಮನ ಮನ್ಯಾಗ ನಾ ಹಾಕಲಿಲ್ಲ."

ಪಕ್ಕದ ಮನೆಯ ಸೂಗಮ್ಮ ಕಾಕು ನೀರಿನ ಮೋಟಾರ್ ಮುಟ್ಟಿ ಸತ್ತಾಗ, ಕಂಬದ ಲೈನಿನಲ್ಲಿ ದೋಷ ಎಂದು ನನಗೆ ಹೇಳಿದ್ದೆಯಲ್ಲ. ಆ ಮೋಟಾರ್ ಕೂಡಿಸಿದವನು ಅಪ್ಪ. ಕಾಕು ಖರ್ಚು ಕಡಿಮೆ ಮಾಡು ಎಂದಳಂತೆ. ಅವನು ಅರ್ಥ್ ವೈರ್ ಬಿಟ್ಟನಂತೆ. ನಾಲ್ಕನೆಯ ದಿನ ಅವಳು ಹೋದಳು. ಆ ಸಂಜೆಯೇ ಊರು ಬಿಟ್ಟನಂತೆ. "ನಾನ ನಿಮ್ಮವ್ವಗ ಫೋನ್ ಹಚ್ಚಿ ಹೇಳಿದೆ, ಸತ್ತೀನಂತ ಹೇಳು, ಹುಡುಗಿಗೆ ಯಾರೂ ಏನೂ ಅನ್ನಬಾರದು ಅಂತ," ಎಂದ. ಅಂದಿನಿಂದ ಯಾವ ಮನೆಗೆ ಹೋದರೂ ಕರೆದ ಕೆಲಸಕ್ಕಷ್ಟೇ ಹಣ ತೆಗೆದುಕೊಂಡು, ಅರ್ಥಿಂಗನ್ನು ಪುಕ್ಕಟೆ ಮಾಡಿ ಬರುತ್ತಾನೆ. ನನ್ನ ರೇಟನ್ನು ಮುರಿದದ್ದು ಇದು.

ಮತ್ತೆ ಏನೋ ಹೇಳಲು ಬಾಯಿ ತೆರೆದ. ನಾನು ಕೇಳಲಿಲ್ಲ. ಮೆಟ್ಟಿಲಿಳಿದು ಅಮೀರ್‌ಪೇಟ್ ಮೆಟ್ರೋ ತನಕ ನಡೆದೆ. ಯಾವ ರಸ್ತೆಯಲ್ಲಿ ಹೋದೆನೋ ನೆನಪಿಲ್ಲ. ಬೆಳಿಗ್ಗೆ ನಾನು ಹೊಡೆದುಹಾಕಿದ್ದ ಸಾಲು, ಅವನು ಅಂದು ಬಿಟ್ಟ ವೈರ್, ಎರಡೂ ಒಂದೇ.

ನೀನು ಕುಂಕುಮ ಅಳಿಸಲಿಲ್ಲ. ಊರವರು ಆಡಿಕೊಂಡಾಗ ನಿನ್ನದು ಗಟ್ಟಿ ಎದೆ ಎಂದು ಹೆಮ್ಮೆಪಟ್ಟಿದ್ದೆ. ನಿನಗೆ ಗೊತ್ತಿತ್ತು. ಹದಿಮೂರು ವರ್ಷ ನಾನು ಫೋಟೊಕ್ಕೆ ಕೈಮುಗಿಯುವುದನ್ನು ನೋಡುತ್ತ ಹೇಗೆ ಸುಮ್ಮನಿದ್ದೆ? ಬೈಯಲು ಕೇಳುತ್ತಿಲ್ಲ. ನಿಜವಾಗಿಯೂ ತಿಳಿಯುತ್ತಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ನಿನ್ನೆ ಗೀಸರ್ ಕೂಡಿಸಲೆಂದು ಪಾರ್ವತಿಬಾಯಿಯ ಮನೆ ನೋಡಿದೆ. ಅರ್ಥ್ ವೈರಿನ ತುದಿ ಬೋರ್ಡಿನೊಳಗೆ ಸುಮ್ಮನೆ ಮಡಚಿ ಬಿದ್ದಿತ್ತು. ಅವರನ್ನು ಕರೆದು ತೋರಿಸಿದೆ. ಆರು ನೂರು ಎಂದೆ. "ಮದಲ ಹಿಂಗ ಬಿಡಿಸಿ ಹೇಳಿದ್ರ ನಾ ಯಾಕ ಚೌಕಾಸಿ ಮಾಡ್ತಿದ್ದೆ?" ಎಂದು ಕೊಟ್ಟರು. ಇನ್ನು ನನ್ನ ರೇಟು ಇಳಿಯುವುದಿಲ್ಲ. ಯಾತಕ್ಕೆಷ್ಟು ಎಂದು ಗಿರಾಕಿಗೆ ತೋರಿಸಿಯೇ ಕೆಲಸ ಹಿಡಿಯುತ್ತೇನೆ. ಕೆಲಸದ ಮಾತು ಇಷ್ಟು. ಅಪ್ಪನ ಹತ್ತಿರ ಮತ್ತೆ ಹೋಗುವುದಿಲ್ಲ. ಹೋಗಬೇಕೆಂದು ನೀನೂ ಹೇಳಬೇಡ.

ನಿನ್ನ ಮಗಳು,
ಶೈಲಾ

ಮರೆತ ಮಾತು: ಇಂದು ಬುಧವಾರ. ಪತ್ರವನ್ನು ಅಂಚೆಗೆ ಹಾಕದೆ ಮೂರು ದಿನ ಇಟ್ಟುಕೊಂಡಿದ್ದೆ. ಹೋಗುವುದಿಲ್ಲ ಎಂದವಳು ನಿನ್ನೆ ಹೋದೆ; ಲಕೋಟೆಯ ಮೇಲೆ ನಿನ್ನ ವಿಳಾಸ ಬರೆದದ್ದು ನಾನಲ್ಲ. ಆ ಅಕ್ಷರ ನೋಡಿ, ಪತ್ರ ಒಡೆಯುವ ಮೊದಲೇ ನೀನು ಕುಳಿತುಕೊಂಡಿರುತ್ತೀಯ.