ಇಯರ್‌ಫೋನಿನ ತೂತಿಗೂ ಅರಗು ಹಾಕಿಸಿದವರಿಗೆ

ವಾಚನಾಲಯಗಳ ಕಂಪ್ಯೂಟರುಗಳ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮೂರ ವಾಚನಾಲಯದ ಕಂಪ್ಯೂಟರಿನಲ್ಲಿ ಇಯರ್‌ಫೋನ್ ಸಿಗಿಸುವ ತೂತಿಗೆ ನೀವು ಅರಗು ಕಾಯಿಸಿ ಮುದ್ರೆ ಒತ್ತಿಸಿದ್ದೀರಿ. ಆ ತೂತಿನಿಂದ ಯಾವ ವೈರಸ್ ಒಳಗೆ ಹೋಗುತ್ತದೆ? ಅಲ್ಲಿಂದ ಹೊರಗೆ ಬರುತ್ತಿದ್ದುದು ಕಣ್ಣು ಕಾಣದ ಸಂಘಮಿತ್ರಾಳಿಗೆ ಪಾಠ ಓದಿ ಹೇಳುವ ಧ್ವನಿ. ಆಕೆಯ ನೌಕರಿ ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ. ಆ ಧ್ವನಿ ಯಾರಿಗಾಗಿ ಎಂಬುದು ನಿಮಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಬರಹದಲ್ಲೇ ನಿಮಗೆ ತಿಳಿಸಲಾಗಿತ್ತು.

ಕಿತ್ತೂರಿಗೂ ಬೈಲಹೊಂಗಲಕ್ಕೂ ನಡುವಿನ ನಮ್ಮ ಹಳ್ಳಿಗೆ ಬಂದ ಆ ಕಂಪ್ಯೂಟರು ತಂತ್ರಾಂಶದ ಪರವಾನಗಿ ಮುಗಿದು ಒಂದು ವರ್ಷದಿಂದ ಬಟ್ಟೆ ಹೊದ್ದು ಕುಳಿತಿತ್ತು. ಮೇಲ್ವಿಚಾರಕ ಗಂಗಯ್ಯನವರ ಒಪ್ಪಿಗೆ ಪಡೆದು ನಾನು ಅದಕ್ಕೆ ಲಿನಕ್ಸ್ ಎಂಬ, ಯಂತ್ರ ನಡೆಸುವ ಉಚಿತ ತಂತ್ರಾಂಶ ಹಾಕಿದೆ. ಲಿನಕ್ಸ್ ಯಾರಪ್ಪನ ಆಸ್ತಿಯೂ ಅಲ್ಲ. ಸಾವಿರಾರು ಜನ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಪರದೆಯ ಮೇಲಿನದನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವೂ ಇಂಟರ್ನೆಟ್ಟಿನಲ್ಲಿರುವ ಅದರ ಭಂಡಾರದಲ್ಲಿದೆ. ಆದರೆ ವಾಚನಾಲಯದ ಇಂಟರ್ನೆಟ್ಟಿನಲ್ಲಿ ನಿಮ್ಮ ಅನುಮತಿ ಪಟ್ಟಿಯ ತಾಣಗಳಷ್ಟೇ ತೆರೆಯುತ್ತವೆ. ಲಿನಕ್ಸ್ ಭಂಡಾರ ತೆರೆಯಲಿಲ್ಲ. ಖಾಸಗಿ ಕೋಚಿಂಗ್ ಸಂಸ್ಥೆಯೊಂದರ ಜಾಹೀರಾತು ಪುಟ ತಕ್ಷಣ ತೆರೆಯಿತು! ಅದನ್ನು ಪಟ್ಟಿಗೆ ಸೇರಿಸಿದವರು ಯಾರು? ಪಟ್ಟಿ ಕೇಳಿ ಅರ್ಜಿ ಹಾಕಿದೆ. 'ಸುರಕ್ಷತೆಯ ಕಾರಣದಿಂದ ಕೊಡಲಾಗದು' ಎಂದು ಉತ್ತರ ಬಂತು. ಯಾರ ಸುರಕ್ಷತೆ?

ಹೀಗಾಗಿ ಬೇಕಾದ ಕಡತಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಹೋಗಿ ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದೆ. ತಂದ ಕಡತ ಇನ್ನೊಂದನ್ನು ಕೇಳಿತು. ಅದನ್ನು ತಂದರೆ ಅದು ಮತ್ತೆರಡನ್ನು ಕೇಳಿತು. ಒಮ್ಮೆ ಈ ಹಳೆಯ ಯಂತ್ರಕ್ಕೆ ಹೊಂದದ ಆವೃತ್ತಿ ತಂದ ತಪ್ಪು ನನ್ನದೇ. ಐದನೆಯ ಸಲಕ್ಕೆ ಯಂತ್ರ ಮಾತಾಡಿತು. ಸಂಘಮಿತ್ರಾ ಕೇಳಿ ನಕ್ಕುಬಿಟ್ಟಳು: "ಗಂಗಯ್ಯ ಮಾಮಾ, ನಿಮಗ ನೆಗಡಿ ಆದಾಗ ಹಿಂಗ ಮಾತಾಡ್ತೀರಿ ನೋಡ್ರಿ!" ಅಲ್ಲಿಯವರೆಗೆ ಆಕೆಯ ಅಕ್ಕ ಪೂನಮ್ ಹೊಲಿಗೆ ಕೆಲಸ ಬಿಟ್ಟು ಬಂದು ಓದಿ ಹೇಳುತ್ತಿದ್ದಳು. "ಇನ್ನ ನಿನ್ನ ಆಕಳಿಕಿ ಕೇಳೂದ ತಪ್ಪಿತು ಬಿಡಕ್ಕಾ" ಎಂದು ಅವಳನ್ನೂ ಕೆಣಕಿದಳು. ಮೂರು ವಾರ ಯಾರ ಹಂಗೂ ಇಲ್ಲದೆ ಒಬ್ಬಳೇ ಕುಳಿತು ಓದಿದಳು.

ನಾಲ್ಕನೆಯ ವಾರ ನಿಮ್ಮ ಕಚೇರಿಯ ಸಿಪಾಯಿ ಶಟ್ಟೆಪ್ಪ ಮೇಣದಬತ್ತಿ, ಅರಗು, ಮುದ್ರೆ ಹಿಡಿದು ಬಂದರು. ಪೆನ್‌ಡ್ರೈವಿನ ತೂತುಗಳನ್ನು ಮುಚ್ಚಿ ಇಯರ್‌ಫೋನಿನದಕ್ಕೂ ಕೈ ಹಾಕಿದರು.

"ಕಾಕಾ, ಅದು ಕೇಳೂ ತೂತ್ರೀ! ಅದನ್ಯಾಕ ಮುಚ್ಚತೀರಿ?" ಎಂದೆ.

"ಎಲ್ಲಾ ತೂತು ಮುಚ್ಚಿ, ಎಣಿಸಿ ಬರಕೊಂಡು ಬಾ ಅಂದಾರ ಸಾಹೇಬ್ರು. ಗಾಳಿ ಆಡೂ ತೂತ ಬಿಟ್ಟೇನಲ್ಲ, ಅದಕ್ಕ ಖುಷಿ ಪಡು ತಮ್ಮಾ."

ಚಾಡಿ ಹೇಳಿದವರು ಗಂಗಯ್ಯನವರೇ ಎಂದು ಗುಮಾನಿಪಟ್ಟು ಎರಡು ದಿನ ಅವರೊಡನೆ ಮಾತು ಬಿಟ್ಟೆ. ಮೂರನೆಯ ದಿನ ಅವರು ನಿಮಗೆ ಬರೆದಿದ್ದ ಪತ್ರದ ನಕಲನ್ನು ನನ್ನ ಮುಂದಿಟ್ಟರು. 'ನಮ್ಮ ಕಂಪ್ಯೂಟರ್ ಈಗ ಕನ್ನಡ ಓದುತ್ತದೆ, ಅಂಧ ವಿದ್ಯಾರ್ಥಿನಿಗೆ ಉಪಯೋಗವಾಗಿದೆ, ತಾವು ಬಂದು ನೋಡಬೇಕು' ಎಂದಿತ್ತು. "ಶಾಬಾಸ್ ಅಂತಾರ ಅಂದಕೊಂಡಿದ್ದೆ ತಮ್ಮಾ" ಎಂದರು. ಒಳ್ಳೆಯ ಸುದ್ದಿ ಕಳಿಸಿದ ನೌಕರನಿಗೆ ನಿಮ್ಮ ಉತ್ತರ ಅರಗು, ಜೊತೆಗೆ ಕಾರಣ ಕೇಳುವ ನೋಟಿಸು!

ಪೆನ್‌ಡ್ರೈವಿನಲ್ಲಿ ವೈರಸ್ ಬರಬಹುದು, ಒಪ್ಪುತ್ತೇನೆ. ಹಾಗಾದರೆ ಕಡತದ ಸಾಚಾತನವನ್ನು ಯಂತ್ರವೇ ಪರೀಕ್ಷಿಸಿ ಇಳಿಸಿಕೊಳ್ಳುವ ನೇರ ದಾರಿಯನ್ನು ಮುಚ್ಚಿ ನನ್ನನ್ನು ಪೆನ್‌ಡ್ರೈವಿಗೆ ತಳ್ಳಿದವರು ಯಾರು? ಯಾರೂ ಮುಟ್ಟದ ಯಂತ್ರವೇ ನಿಮ್ಮ ಲೆಕ್ಕದಲ್ಲಿ ಸುರಕ್ಷಿತವೇ? ಅಥವಾ ಹಳೆಯದು ಬದುಕಿಬಿಟ್ಟರೆ ಹೊಸದರ ಟೆಂಡರಿಗೆ ಕಾರಣ ಉಳಿಯದೆಂಬ ಚಿಂತೆ ಯಾರಿಗಾದರೂ ಇದೆಯೇ? ಪುರಾವೆ ನನ್ನಲ್ಲಿಲ್ಲ. ಪಟ್ಟಿಯನ್ನೇ ಬಚ್ಚಿಟ್ಟವರನ್ನು ನಂಬಲು ಕಾರಣವೂ ನನ್ನಲ್ಲಿಲ್ಲ.

ಲಿನಕ್ಸ್ ಭಂಡಾರದ ವಿಳಾಸವನ್ನು ಅನುಮತಿ ಪಟ್ಟಿಗೆ ಸೇರಿಸಿ. ಆ ಪಟ್ಟಿಯನ್ನು ವಾಚನಾಲಯದ ಗೋಡೆಗೆ ಅಂಟಿಸಿ. ಅದಕ್ಕೆ ಸಭೆ, ಟಿಪ್ಪಣಿ, ಮೇಲಿನವರ ಸಹಿ ಬೇಕೆಂದರೆ ಮಾಡಿಕೊಳ್ಳಿ. ಆದರೆ ಇಯರ್‌ಫೋನಿನ ತೂತಿನ ಅರಗನ್ನು ಈ ವಾರವೇ ತೆಗೆಸಿ. ಸೂಜಿಯಿಂದ ಕೆರೆದು ತೆಗೆಯುವುದು ನನಗೆ ಐದು ನಿಮಿಷದ ಕೆಲಸವಾಗಿತ್ತು. ಸಂಘಮಿತ್ರಾಳೇ ತಡೆದಳು: "ನೀ ಮುದ್ರಿ ಒಡದರ ಮಾಮಾರ ನೌಕರಿ ಹೋಗತೈತಿ. ನನಗ ನೌಕರಿ ಬರಲಿ ಅಂತ ಅವರದು ಕಳೀಬ್ಯಾಡ." ಆಕೆಗೆ ಇನ್ನೊಬ್ಬರ ನೌಕರಿಯ ಚಿಂತೆ. ನಿಮಗೆ ಆಕೆಯ ಪರೀಕ್ಷೆಯ ಚಿಂತೆ ಇದೆಯೇ? ಮುದ್ರೆ ನಿಮ್ಮದು, ಒಡೆಯಬೇಕಾದವರೂ ನೀವೇ.

ಇಂತಿ,
ನಿಮ್ಮ ನೋಟಿಸಿನಲ್ಲಿ 'ಅನಧಿಕೃತ ವ್ಯಕ್ತಿ' ಎನಿಸಿಕೊಂಡಿರುವ, ಅದೇ ವಾಚನಾಲಯದ ಅಧಿಕೃತ ಸದಸ್ಯ
ಕಾಂತೇಶ