ಕೈ ಒಪ್ಪಿಸುವುದು

ಸೋಮವಾರ, ೨೧ನೇ ತಾರೀಖು
ಸಂಜೆ, ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಅಕ್ಕನಿಗೆ,

ನಿನ್ನ ಮೂಗಿಯ ನಮಸ್ಕಾರ. ನೀನು, ಭಾವ, ಪಾಪು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಮೆಸೇಜು ಬಂದು ವಾರವಾಯಿತು. ಉತ್ತರ ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನನಗೆ ಮಾತು ಸಲೀಸಾಗಿ ಹೊರಡುವುದಿಲ್ಲ ಅಂತ ನಿನಗೆ ಗೊತ್ತೇ ಇದೆ. ಕಾಗದದಲ್ಲಾದರೆ ಯಾರೂ ನನ್ನ ಮುಖ ನೋಡುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರವಣಿಗೆ, ತಪ್ಪಿದ್ದರೆ ನಗು, ಪರವಾಗಿಲ್ಲ.

"ಕಾದು ಕಾದು ಸಾಕಾಯ್ತು. ಕಡೆಗೂ ಕೆಲಸ ಕೆಲಸ ಅಂತ ಬರಲೇ ಇಲ್ಲ ಅಲ್ವಾ? ಸಂಬಳ ಇಲ್ಲದ ಕೆಲಸಕ್ಕೆ ಇಷ್ಟೊಂದು ಗತ್ತಾ?" ಅಂತ ಕೇಳಿದ್ದೀಯ. ಆ ರಜೆಯ ಕಥೆಯನ್ನೇ ಹೇಳುತ್ತೇನೆ, ಕೇಳು. ಬರೆಯುವಾಗಲೂ ಮೈ ಉರಿಯುತ್ತಿದೆ.

ಈ ವೃದ್ಧರ ಮನೆಗೆ ನನ್ನಂತೆ ಸೇವೆಗೆ ಬಂದವರೆಲ್ಲ ಬೇರೆ ಬೇರೆ ದೇಶದವರು. ಊಟ, ಹಾಸಿಗೆ ಕೊಡುತ್ತಾರೆ. ಆಗಾಗ ಒಂದು ವಾರ ರಜೆ. ನನ್ನ ಕೋಣೆಯಲ್ಲಿರುವ ಹುಡುಗಿಗೆ ನಾನು ಭೂಪಟ ಅಂತ ಹೆಸರಿಟ್ಟಿದ್ದೇನೆ. ಮಂಚದ ಮೇಲೆ, ಊಟದ ಮೇಜಿನ ಮೇಲೆ, ಎಲ್ಲೆಂದರಲ್ಲಿ ಭೂಪಟ ಹರಡಿಕೊಂಡು ಕೂರುತ್ತಾಳೆ. ಮನಸ್ಸು ಕೆಟ್ಟದ್ದಲ್ಲ. ಕಾಲು ಮಾತ್ರ ನಿಲ್ಲುವುದಿಲ್ಲ.

ಅವಳು ನೋಡಿಕೊಳ್ಳುತ್ತಿದ್ದದ್ದು ಗುಂಡಿ ಅಜ್ಜಿಯನ್ನು. ಅಜ್ಜಿ ಮೊದಲು ಬಟ್ಟೆ ಹೊಲಿಯುತ್ತಿದ್ದರಂತೆ. ಈಗ ಮರೆವಿನ ಕಾಯಿಲೆ. ಮಕ್ಕಳ ಹೆಸರೂ ನೆನಪಿಲ್ಲ, ಆದರೆ ಯಾರು ಹತ್ತಿರ ಬಂದರೂ ಅಂಗಿಯ ಗುಂಡಿ ಮುಟ್ಟಿ ಗಟ್ಟಿಯಾಗಿದೆಯಾ ಅಂತ ನೋಡುತ್ತಾರೆ. ಇಂಥವರಿಗೆ ಸ್ನಾನ ಮಾಡಿಸುವ ಕೈ ಇದ್ದಕ್ಕಿದ್ದಂತೆ ಬದಲಾದರೆ ಹೆದರಿಕೆ. ಅದಕ್ಕೇ ಇಲ್ಲಿ ಒಂದು ಪದ್ಧತಿ ಇದೆ. ರಜೆಗೆ ಹೋಗುವವಳು ಮೊದಲು ಕೈ ಒಪ್ಪಿಸಬೇಕು. ಹೊಸಬಳು ಮೊದಲ ದಿನ ಬರೀ ಟವೆಲ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ. ಮಾರನೇ ದಿನ ಹಳಬಳ ಕೈಯ ಮೇಲೆ ತನ್ನ ಕೈ ಇಟ್ಟು ಸೋಪು ಹಚ್ಚುತ್ತಾಳೆ. ಆಮೇಲೆ ಹಳಬಳು ಮೆಲ್ಲಗೆ ಕೈ ತೆಗೆಯಬೇಕು. "ಹೋಗಿಬರ್ತೀನಿ" ಅಂತ ಹೇಳಿಯೇ ಹೋಗಬೇಕು. ಅಜ್ಜಿಗೆ ಅರ್ಥವಾಗದಿದ್ದರೂ ಹೇಳಬೇಕು.

ಹೋದ ತಿಂಗಳು ಭೂಪಟ ಏನು ಮಾಡಿದಳು ಗೊತ್ತಾ? ಯಾರೋ ಗೆಳತಿಯರ ಕಾರಿನಲ್ಲಿ ಜಾಗ ಇದೆ ಅಂತ ಒಂದು ಬೆಳಿಗ್ಗೆ ಚೀಲ ಹೊತ್ತು ಹೊರಟೇಬಿಟ್ಟಳು. ಕೈ ಒಪ್ಪಿಸಲಿಲ್ಲ, ಏನೂ ಇಲ್ಲ. ನಾನು ಸ್ನಾನಕ್ಕೆ ಕರೆದುಕೊಂಡು ಹೋದರೆ ಅಜ್ಜಿ ನಲ್ಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಚೀರಿದರು. ಮೈಮೇಲೆ ಸೋಪು ಹಾಗೇ ಒಣಗಿತು, ನೀರು ತಣ್ಣಗಾಯಿತು. ನಡುಗುತ್ತಿದ್ದರೂ ನನ್ನ ಕೈಗೆ ಬರಲಿಲ್ಲ. ನನಗೆ ನಮ್ಮ ಬಚ್ಚಲು ನೆನಪಾಯಿತು ಅಕ್ಕ. ನನ್ನ ತಲೆಗೆ ನೀನೇ ನೀರು ಹಾಕಬೇಕಿತ್ತು. ಅತ್ತೆ ಚೊಂಬು ಹಿಡಿದರೆ ಬೀದಿಯೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆನಲ್ಲ. ನಿನ್ನ ಮದುವೆಯಾದ ಮೇಲೆ ನನ್ನ ಕೂದಲು ಜಡೆಗಟ್ಟಿ ಕಡೆಗೆ ಕತ್ತರಿಸಬೇಕಾಯಿತು.

ವಾರ ಕಳೆದು ಭೂಪಟ ವಾಪಸ್ ಬಂದಳು, ಮೂಗು ಬಿಸಿಲಿಗೆ ಕೆಂಪಾಗಿತ್ತು. ಬಂದವಳೇ ಫೋಟೋ ತೋರಿಸತೊಡಗಿದಳು. ನಾನು ಅಜ್ಜಿಯ ವಿಷಯ ಹೇಳಿದೆ. "ಅಯ್ಯೋ, ಅವರಿಗೆ ಸಾಯಂಕಾಲಕ್ಕೆಲ್ಲ ಮರ್ತು ಹೋಗಿರತ್ತೆ ಬಿಡೇ. ಸೇವೆಗೆ ಬಂದಿದೀನಿ ಅಂತ ಲೋಕ ನೋಡೋದು ಬೇಡ್ವಾ?" ಅಂದಳು. ನೋಡಲಿ, ಬೇಡ ಅಂದವರು ಯಾರು? ಹೇಳಿ ಹೋಗಲು ಏನು ದಾಡಿ? ಹೆದರಿಕೆ ಮರೆತುಹೋಗುತ್ತದೆ ಅಂತ ಇವಳಿಗೆ ಹೇಳಿದವರು ಯಾರು? ಇಷ್ಟೆಲ್ಲ ಮನಸ್ಸಿನಲ್ಲೇ ಕೇಳಿದೆ. ಅವತ್ತಿನಿಂದ ಅಜ್ಜಿ ನನ್ನ ಪಾಲಿಗೆ ಬಂದರು.

ಆಮೇಲೆ ನೀನು ಫೋನ್ ಮಾಡಿದೆ. "ಈ ತಿಂಗಳು ಎರಡನೇ ವಾರ ಬಾ ಮೂಗಿ, ಆವಾಗ ನಾವು ಮನೇಲೇ ಇರ್ತೀವಿ. ಬೇರೆ ಯಾವಾಗ್ಲೂ ಆಗಲ್ಲ" ಅಂದೆ. ಒಂದೇ ದೇಶದಲ್ಲಿದ್ದೂ ನಿನ್ನ ಮುಖ ನೋಡಿರಲಿಲ್ಲ. ನಾನು ಈ ಕೆಲಸಕ್ಕೆ ಒಪ್ಪಿದ್ದೇ ನೀನಿರುವ ದೇಶ ಅಂತ. ರಜೆ ಕೇಳಲು ಹೋದರೆ ಅದೇ ವಾರ ಭೂಪಟ ಬೆಟ್ಟ ಹತ್ತಲು ಹೋಗಬೇಕಂತೆ. ಈ ಮನೆ ನಡೆಸುವ ಮೇಡಂ ಕನ್ನಡಕ ಒರೆಸುತ್ತಾ, "ಅವಳು ಹೋಗ್ಲಿ ಬಿಡು. ತಿರುಗಾಟ ಇಲ್ಲ ಅಂದ್ರೆ ಇಂಥವರು ಸೇವೆಗೆ ಬರೋದೇ ಇಲ್ಲ. ನೀನು ಹೇಗಿದ್ರೂ ಎಲ್ಲಿಗೂ ಹೋಗೋಳಲ್ಲ" ಅಂದರು.

ಎಲ್ಲಿಗೂ ಹೋಗುವವಳಲ್ಲವಂತೆ! ಮಾತಾಡದವಳಿಗೆ ಹೋಗುವ ಜಾಗವೂ ಇರುವುದಿಲ್ಲವಾ? ನನಗೆ ಎಲ್ಲಿಂದ ಧೈರ್ಯ ಬಂತೋ, "ನನಗೆ ಅಕ್ಕ ಇದ್ದಾಳೆ! ನಾನು ಬರ್ತೀನಿ ಅಂತ ಮನೇಲೇ ಇರ್ತಾಳೆ! ಅದೇ ವಾರ ಬೇಕು!" ಅಂತ ಕೂಗಿಬಿಟ್ಟೆ. ಅಡುಗೆಯವನು ಸೌಟು ಹಿಡಿದೇ ಓಡಿಬಂದ. "ಇದಕ್ಕೆ ಮಾತು ಬರತ್ತಾ?" ಅಂದ. ಮೇಡಂ ಕನ್ನಡಕ ಹಾಕಿಕೊಂಡು ನನ್ನನ್ನು ಮೊದಲ ಸಲ ನೋಡುವ ಹಾಗೆ ನೋಡಿ ರಜೆ ಕೊಟ್ಟರು.

ಭೂಪಟಳ ಬೆಟ್ಟ ತಪ್ಪಿತು. ಕೈ ಒಪ್ಪಿಸಿಕೊಳ್ಳಲು ಮೂತಿ ಉಬ್ಬಿಸಿಕೊಂಡೇ ಬಂದಳು, ಆದರೂ ನಾನು ಬಿಡಲಿಲ್ಲ. ಅಜ್ಜಿಯ ಬೆನ್ನಿನ ಮೇಲೆ ನನ್ನ ಕೈ, ಅದರ ಮೇಲೆ ಅವಳ ಕೈ. ಕೊನೆಯ ದಿನ ನಾನು ಕೈ ತೆಗೆದಾಗ ಅಜ್ಜಿ ಒಮ್ಮೆ ತಿರುಗಿ ನೋಡಿದರು, ಚೀರಲಿಲ್ಲ. ಭೂಪಟಳ ಅಂಗಿಯ ಗುಂಡಿ ಹಿಡಿದುಕೊಂಡರು. ಅವಳು ಅಳುತ್ತಿದ್ದಳು. "ಇಷ್ಟೇ ಅಲ್ವಾ, ಅವತ್ತೇ ಮಾಡಬಹುದಿತ್ತು" ಅಂದಳು. ನಾನು "ಹೋಗಿಬರ್ತೀನಿ" ಅಂತ ಅಜ್ಜಿಗೆ ಹೇಳಿದೆ.

ಇನ್ನು ಬರೆದರೆ ಕಾಗದ ತುಂಬುತ್ತದೆ. ಭಾವನಿಗೆ ನಮಸ್ಕಾರ ತಿಳಿಸು. ಪಾಪು ಬೇಗ ಬೇಗ ಬೆಳೆಯಲಿ, ನನ್ನ ಹಾಗಲ್ಲದೆ ಗಟ್ಟಿಯಾಗಿ ಮಾತಾಡುವ ಮಗುವಾಗಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಮೂಗಿ

ತಾ.ಕ.: ನಾನು ಬಂದಿದ್ದೆ ಅಕ್ಕ. ಇಡೀ ದಿನ ಬಸ್ಸಿನಲ್ಲಿ ಕೂತು, ಪಾಪುಗೆ ಹೊಲಿದ ಬಟ್ಟೆಯ ಗೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ. ನಿಮ್ಮ ಬಾಗಿಲಿಗೆ ಬೀಗ ಇತ್ತು. ಕೆಳಗಿನ ಮನೆಯ ಹೆಂಗಸು ನಿನ್ನ ಗಿಡಗಳಿಗೆ ನೀರು ಹಾಕುತ್ತಿದ್ದರು. "ಪ್ರತಿ ವರ್ಷ ಇದೇ ವಾರ ಅವರು ಸಮುದ್ರಕ್ಕೆ ಹೋಗ್ತಾರಲ್ಲ. ರೂಮು ಎಷ್ಟೋ ತಿಂಗಳ ಮುಂಚೆನೇ ಹೇಳಿಟ್ಟಿರ್ತಾರೆ. ನೀವು ಯಾರು?" ಅಂತ ಕೇಳಿದರು. ಮನೆ ತಪ್ಪಿ ಬಂದೆ ಅಂದೆ. ಮಾರನೇ ದಿನವೇ ವಾಪಸ್ ಬಂದು ಕೆಲಸಕ್ಕೆ ನಿಂತೆ. ಕಾದೆ ಅಂತ ನಿನ್ನ ಮೆಸೇಜು ಬಂದದ್ದು ಅದಾದ ಮೇಲೆ. ಗೊಂಬೆ ಈಗ ಗುಂಡಿ ಅಜ್ಜಿಯ ಹತ್ತಿರ ಇದೆ. ನೀವು ಸಮುದ್ರ ನೋಡಬೇಕು, ಬೇಡ ಅನ್ನುವುದಿಲ್ಲ. ಮರೆವಿನ ಅಜ್ಜಿಗೂ ನಾವು ಹೇಳದೆ ಹೋಗುವುದಿಲ್ಲ. ನನಗೆ ಮರೆವಿಲ್ಲ, ಅಕ್ಕ.