ಐಸಿನಲ್ಲಿಟ್ಟ ಮೂತ್ರ

ಬೊಮ್ಮಕ್ಕಾ,

ಕ್ಯಾನ್ಸರ್ ಪರೀಕ್ಷೆಗೆಂದು ನನ್ನ ಮೂತ್ರವನ್ನು ನೀನು ಬಂಗಡೆಯ ಹಾಗೆ ಐಸಿನಲ್ಲಿ ಹುಗಿದು ಕೊಟ್ಟೆಯಲ್ಲ, ಆ ಪೆಟ್ಟಿಗೆಯನ್ನು ಕೇಣಿಯಿಂದ ಮಂಗಳೂರಿನವರೆಗೆ ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಬಸ್ಸಿನವರೆಲ್ಲ ಯಾವ ಮೀನು ಎಂದು ಕೇಳಿದರು. ಇಲ್ಲಿನ ಲ್ಯಾಬಿನ ಹುಡುಗಿ ಅದನ್ನು ಸಿಂಕಿಗೆ ಚೆಲ್ಲಿಬಿಟ್ಟಳು! "ಇದು ಆಗುದಿಲ್ಲ ಮಾರಾಯ್ರೆ, ಡಾಕ್ಟ್ರು ಪ್ರಾಸ್ಟೇಟ್ ಗ್ರಂಥಿ ಒತ್ತಿದ ಮೇಲೆ ಬರುವ ಮೂತ್ರವೇ ಬೇಕು, ಜೀನ್ ನೋಡ್ಲಿಕ್ಕೆ" ಎಂದಳು. ಮೊದಲೇ ಹೇಳಲು ಇವರ ಬಾಯಿಗೇನಾಗಿತ್ತು? ಎಲ್ಲಿಂದ ಒತ್ತಿದರೆಂದು ಬರೆಯಲಾರೆ. ಸೂಜಿ ಚುಚ್ಚಿ ನೋಡಬೇಕೋ ಬೇಡವೋ ಎಂದು ರಿಪೋರ್ಟ್ ಬಂದ ಮೇಲೆ ಹೇಳುತ್ತಾರಂತೆ. ಊಟ ಸೇರುತ್ತಿದೆ. ಫೋನ್ ಮಾಡಿದರೆ ನೀನು ಸ್ಪೀಕರಿಗೆ ಹಾಕುತ್ತೀ, ಮೀನುಪೇಟೆಯೆಲ್ಲ ಕೇಳುತ್ತದೆ, ಅದಕ್ಕೇ ಕಾರ್ಡು. ಪೋಸ್ಟ್‌ಮ್ಯಾನ್ ಓದುತ್ತಾನೆ, ಓದಲಿ. ಅವನಿಗೂ ವಯಸ್ಸಾಯಿತು, ಬಂದು ಒತ್ತಿಸಿಕೊಳ್ಳಲಿ.

ನಿನ್ನ ತಮ್ಮ,
ನಾಗು